ಮನೆಗೆ ಬೀಗವೋ ಪೆಟ್ಟಿಗೆಗೆ ಬೀಗವೋ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಹೇಳಿ ಮನೆ ಕೇಳಿದರೆ ಪೋಸ್ಟಿನವನೂ ತಲೆ ಕೆರೆದುಕೊಳ್ಳುತ್ತಾನೆ. ಟೈಪಕ್ಕ ಎಂದರೆ ಸಾಕು, ಎದುರು ಮನೆಯ ನಾಲ್ಕು ವರ್ಷದ ಮಗುವೂ ಬೆರಳು ತೋರಿಸುತ್ತದೆ. ಹದಿನೇಳನೆಯ ವಯಸ್ಸಿಗೆ ಟೈಪಿಂಗ್ ಕಲಿಯಲು ಕೂತವಳು ನಲವತ್ತಾರಾದರೂ ಎದ್ದಿಲ್ಲ. ಅಂದು ಕಟಕಟ ಎನ್ನುವ ಯಂತ್ರ, ಇಂದು ಕಂಪ್ಯೂಟರ್, ಅಷ್ಟೇ ವ್ಯತ್ಯಾಸ.

ಬೆರಳುಗಳು ಎಷ್ಟು ಚುರುಕೋ ಬಾಯಿ ಅಷ್ಟೇ ಜಿಪುಣ. ಪಕ್ಕದಲ್ಲಿ ಇಬ್ಬರು ಜುಟ್ಟು ಹಿಡಿದು ಬಡಿದಾಡುತ್ತಿದ್ದರೂ ಟೈಪಕ್ಕ ನಡುವೆ ಹೋಗುವವಳಲ್ಲ. ‘ನಮಗ್ಯಾಕೆ ಊರ ಉಸಾಬರಿ’ ಎಂದು ಕಿಟಕಿ ಹಾಕಿಕೊಳ್ಳುತ್ತಾಳೆ. ಸಂಬಂಧಿಕರು ಇದನ್ನೇ ದೊಡ್ಡ ಗುಣವೆಂದು ಹೊಗಳಿ ಹೊಗಳಿ ಅವಳನ್ನು ಹಾಳುಮಾಡಿದ್ದರು ಎಂದರೂ ತಪ್ಪಿಲ್ಲ.

ಅವಳಿಗೆ ಕಲಿಸಿದ ಟೈಪಿಂಗ್ ಮೇಷ್ಟ್ರು ಬೆನ್ನ ಹಿಂದೆ ಕೋಲು ಹಿಡಿದು ನಿಲ್ಲುತ್ತಿದ್ದ ಪೈಕಿ. ‘ಕಾಗದದ ತಲೆ ನೋಡಿದ್ರೆ ಹೊಟ್ಟೆ ಗೊತ್ತಾಗ್ಬೇಕು’ ಎಂಬುದು ಅವರ ಮಾತು. ಅದು ಟೈಪಕ್ಕನ ರಕ್ತಕ್ಕಿಳಿದಿತ್ತು. ‘ಹೊಸದು’, ‘ಹೊಸದು ಎರಡು’ ಎಂದು ಫೈಲಿಗೆ ಹೆಸರಿಡುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಅವಳ ಪ್ರತಿ ಫೈಲಿಗೂ ಪೂರ್ತಿ ಹೆಸರು, ಅಂದರೆ ಹೆಂಗಸಿನ ಹೆಸರು, ಅದರ ಮುಂದೆ ಗಂಡನ ಹೆಸರು, ಆಮೇಲೆ ಊರು, ಬೀದಿ, ಕೊನೆಗೆ ತಾರೀಖು. ಯಾವ ಫೈಲು ಕೇಳಿದರೂ ಅವಳು ಕಣ್ಣು ಮಿಟುಕಿಸುವುದರಲ್ಲಿ ತೆಗೆದುಕೊಡುತ್ತಿದ್ದಳು.

ಮೂರು ವರ್ಷಗಳಿಂದ ಅವಳು ಮನೆಯಲ್ಲೇ ಕೂತು ಒಬ್ಬ ವಕೀಲಮ್ಮನಿಗೆ ಟೈಪ್ ಮಾಡಿಕೊಡುತ್ತಿದ್ದಳು. ಗಂಡನ ಏಟು ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರ ಪರವಾಗಿ ನಿಲ್ಲುವ ವಕೀಲಮ್ಮ ಅವರು. ಅಂಥ ಹೆಂಗಸರು ಹೇಳಿಕೊಂಡದ್ದನ್ನೆಲ್ಲ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕಳಿಸುತ್ತಿದ್ದರು. ಟೈಪಕ್ಕ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ಟೈಪ್ ಮಾಡುತ್ತಿದ್ದಳು. ಆ ಹೆಂಗಸರು ಈಗ ಎಲ್ಲಿದ್ದಾರೆ ಎಂಬುದು ಗಂಡಂದಿರಿಗೆ ಗೊತ್ತಾಗಬಾರದು. ಗೊತ್ತಾದರೆ ಜೀವಕ್ಕೇ ಸಂಚಕಾರ. ಅಷ್ಟು ಗುಟ್ಟಿನ ವಿಷಯ ಇದ್ದದ್ದು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಮನೆಮಂದಿಯೆಲ್ಲ ಬಳಸುವ ಒಂದು ಹಳೆಯ ಕಂಪ್ಯೂಟರಿನಲ್ಲಿ.

ಬಸ್ ಡಿಪೋದಲ್ಲಿ ಕೆಲಸ ಮಾಡುವ ಗಂಡ ಸಂಜೆ ಬಂದು ಅದರಲ್ಲಿ ಚದುರಂಗ ಆಡಿ, ಸೋತು, ಕಂಪ್ಯೂಟರನ್ನೇ ಬೈಯುತ್ತಿದ್ದ. ಅತ್ತೆ ಮಧ್ಯಾಹ್ನ ಊಟವಾದ ಮೇಲೆ, ಬೇರೆ ಊರಲ್ಲಿ ನರ್ಸಿಂಗ್ ಓದುತ್ತಿರುವ ಮೊಮ್ಮಗಳ ಫೋಟೋ ನೋಡುತ್ತಿದ್ದರು. ಭಾನುವಾರ ಮೈದುನ ಬರುತ್ತಿದ್ದ. ಪ್ಲೈವುಡ್ ಗೋದಾಮಿನಲ್ಲಿ ಸೂಪರ್‌ವೈಸರ್ ಅವನು. ವಾರದ ಡ್ಯೂಟಿ ಪಟ್ಟಿಯನ್ನು ಇಲ್ಲೇ ತಯಾರಿಸಿ, ಇಲ್ಲೇ ಪ್ರಿಂಟ್ ತೆಗೆದು, ಅತ್ತಿಗೆಯ ಕೈಯ ಟೀ ಕುಡಿದು ಹೋಗುವುದು ರೂಢಿ. ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡೋಣವೆಂದು ಟೈಪಕ್ಕ ಒಮ್ಮೆ ಬಾಯಿ ಬಿಟ್ಟಿದ್ದಳು. “ಒಂದೇ ಮನೇಲಿ ಬೇರೆ ಬೇರೆ ಒಲೆ ಹೂಡ್ತೀಯೇನೇ?” ಎಂದು ಅತ್ತೆ ಕೇಳಿದ್ದೇ ತಡ, ಅವಳು ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದಳು.

ಆ ಮನೆಯಲ್ಲಿ ಮೊದಲು ಇನ್ನೊಬ್ಬಳೂ ಇದ್ದಳು. ಮೈದುನನ ಹೆಂಡತಿ, ಟೈಪಕ್ಕನ ಓರಗಿತ್ತಿ. ಏಳು ವರ್ಷ ಒಂದೇ ಸೂರಿನಡಿ ಇದ್ದು, ಆಮೇಲೆ ಗಂಡಹೆಂಡಿರಿಬ್ಬರೂ ಎರಡು ಬೀದಿ ಆಚೆ ಬೇರೆ ಮನೆ ಮಾಡಿದ್ದರು. ಐದು ತಿಂಗಳ ಹಿಂದೆ ಅವಳು ಹೇಳದೆ ಕೇಳದೆ ಹೊರಟುಹೋಗಿದ್ದಳು. ಮೈದುನ ಹುಡುಕದ ಜಾಗವಿಲ್ಲ. ಅವಳ ತೌರಿನವರಿಗೆ ದಿನಕ್ಕೆ ನಾಲ್ಕು ಸಲ ಫೋನು, ಗೆಳತಿಯ ಮನೆಯೆದುರು ಗಂಟೆಗಟ್ಟಲೆ ಕಾವಲು. “ಸಿಗಲಿ, ಆಮೇಲೆ ನೋಡ್ಕೋತೀನಿ” ಎಂದು ಅವನು ಟೀ ಲೋಟ ಹಿಡಿದುಕೊಂಡೇ ಹೇಳುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ.

ಒಂದು ಗುರುವಾರ ಟೈಪಕ್ಕ ಹೊಸ ರೆಕಾರ್ಡಿಂಗ್ ಹಾಕಿದಳು. ಮೊದಲ ಉಸಿರಿಗೇ ಗೊತ್ತಾಯಿತು, ಅದು ಓರಗಿತ್ತಿಯ ದನಿ.

ಟೈಪಕ್ಕ ತಿರುಗಿ ನೋಡಿದಳು, ಅತ್ತೆ ಮಂಚದ ಮೇಲೆ ಒಂದು ನಿದ್ದೆ ತೆಗೆಯುತ್ತಿದ್ದರು. ಇಯರ್‌ಫೋನನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡು ಕೇಳಿದಳು. ಊರು, ಬೀದಿ, ಇಳಿದುಕೊಂಡಿರುವ ಮನೆ ಎಲ್ಲ ಹೇಳಿಯಾದ ಮೇಲೆ ಓರಗಿತ್ತಿ ಹಳೆಯದಕ್ಕೆ ಬಂದಳು. “ಮೊದಲ ಸಲ ಹೊಡೆದಾಗ ಜೋರಾಗಿ ಕೂಗ್ಕೊಂಡೆ. ಆಗ ಕಂಪ್ಯೂಟರ್ ಪಕ್ಕದ ರೂಮಲ್ಲಿತ್ತು, ಅಕ್ಕ ಅಲ್ಲೇ ಇದ್ರು. ಅವರು ಟೈಪ್ ಮಾಡೋ ಸದ್ದು ಕೇಳ್ತಾ ಇತ್ತು. ಒಂದು ಸಲ ನಿಲ್ತು. ಬರ್ತಾರೆ ಅಂದ್ಕೊಂಡೆ. ಆಮೇಲೆ ಮತ್ತೆ ಶುರುವಾಯ್ತು.”

ಇದನ್ನೂ ಟೈಪ್ ಮಾಡಬೇಕಿತ್ತು. ಮಾಡಿದಳು. ಅಳಿಸಿದಳು. ಎದ್ದುಹೋಗಿ ನೀರು ಕುಡಿದು ಬಂದು ಮತ್ತೆ ಮಾಡಿದಳು. ಅವಳ ಸ್ವಂತ ಬೆರಳುಗಳೇ ಅವಳ ಮೇಲೆ ಸಾಕ್ಷಿ ಹೇಳುತ್ತಿದ್ದವು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ನಾಲ್ಕು ಸಾಲಿನಲ್ಲಿ ಆರು ತಪ್ಪು ಮಾಡಿದಳು.

ಈ ಹೆಂಗಸು ನನ್ನ ಓರಗಿತ್ತಿ, ಇದನ್ನು ಬೇರೆ ಯಾರಿಗಾದರೂ ಕೊಡಿ ಎಂದು ಆಗಲೇ ವಕೀಲಮ್ಮನಿಗೆ ಹೇಳಬೇಕಿತ್ತು. ಹೇಳಿದರೆ, ಏಳು ವರ್ಷ ಪಕ್ಕದ ಕೋಣೆಯಲ್ಲಿದ್ದು ನೀವೇನು ಮಾಡುತ್ತಿದ್ದಿರಿ ಎಂದು ಅವರು ಕೇಳುತ್ತಾರೆ. ಅದಕ್ಕೆ ಹೆದರಿ ಸುಮ್ಮನಾದಳು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ, ಬಾಯಲ್ಲಿ ಬಿಸಿತುಪ್ಪ. ಪೆನ್‌ಡ್ರೈವ್ ಜೊತೆ ವಕೀಲಮ್ಮನ ಚೀಟಿಯೂ ಬಂದಿತ್ತು. ಯಾರದೋ ಆಫೀಸಿನಲ್ಲಿ ಕಂಪ್ಯೂಟರ್ ಕಳುವಾಗಿದೆಯಂತೆ, ಇನ್ನು ಮೇಲೆ ನಮ್ಮ ಫೈಲುಗಳು ಬೀಗವಿಲ್ಲದೆ ಇರಕೂಡದು, ಇಡೀ ಡಿಸ್ಕ್‌ಗೆ ಹಾಕಿಸಿ ಇಲ್ಲವೇ ಫೈಲುಗಳಿಗೆ ಹಾಕಿಸಿ, ಈ ವಾರದೊಳಗೆ ಆಗಬೇಕು, ಎಂದು.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನಿದ್ದ. ಐವತ್ತು ದಾಟಿದವನು. ಮೂಗಿನ ಮೇಲೆ ಒಂದು ಕನ್ನಡಕ, ಬೋಳುತಲೆಯ ಮೇಲೆ ಇನ್ನೊಂದು. ಎರಡರಲ್ಲಿ ಯಾವುದು ಓದಲು ಎಂಬುದು ಅವನಿಗೇ ಗೊತ್ತಿರುತ್ತಿರಲಿಲ್ಲ. ಟೈಪಕ್ಕ ಕಂಪ್ಯೂಟರಿನ ಪೆಟ್ಟಿಗೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಅವನ ಅಂಗಡಿಗೆ ಹೋದಳು.

“ಎರಡು ದಾರಿ ಇದೆ ಮೇಡಂ,” ಎಂದ ಅವನು. “ಒಂದು, ಇಡೀ ಡಿಸ್ಕ್‌ಗೆ ಬೀಗ. ಮನೆ ಬೀಗ ಅಂದ್ಕೊಳ್ಳಿ. ಆನ್ ಮಾಡಿದ ತಕ್ಷಣ ಪಾಸ್‌ವರ್ಡ್ ಕೇಳುತ್ತೆ. ಗೊತ್ತಿಲ್ಲ ಅಂದ್ರೆ ಒಂದು ಫೋಟೋನೂ ಕಾಣಲ್ಲ. ಕಳ್ಳ ಹೊತ್ಕೊಂಡು ಹೋದ್ರೆ ಅವನಿಗೆ ಸಿಗೋದು ಬರೀ ತಗಡು.”

“ಮನೆಯವರು?”

“ಅವರಿಗೂ ಪಾಸ್‌ವರ್ಡ್ ಹೇಳ್ಬೇಕು, ಇಲ್ಲ ನೀವೇ ತೆಗೆದುಕೊಡ್ಬೇಕು. ಇನ್ನೊಂದು ವಿಷ್ಯ, ಬೆಳಿಗ್ಗೆ ತೆಗೆದಿಟ್ಟು ನೀವು ಅಡುಗೆಮನೆಗೆ ಹೋದ್ರಿ ಅನ್ನಿ, ಕೂತವರಿಗೆಲ್ಲ ಎಲ್ಲಾನೂ ಕಾಣುತ್ತೆ. ಬಾಗಿಲು ಹಾರು ಹೊಡೆದು ಬೀಗ ಇದೆ ಅಂದ್ರೆ ಆಗುತ್ತಾ? ಕೆಲಸ ಮುಗಿದ ತಕ್ಷಣ ಆಫ್ ಮಾಡ್ಬೇಕು. ಪಾಸ್‌ವರ್ಡ್ ಮರೆತ್ರೋ, ನನ್ನ ಹತ್ರ ಬಂದು ಅತ್ರೂ ಪ್ರಯೋಜನ ಇಲ್ಲ.”

“ಇನ್ನೊಂದು ದಾರಿ?”

“ಬೇಕಾದ ಫೈಲುಗಳಿಗೆ ಮಾತ್ರ ಬೀಗ. ಪೆಟ್ಟಿಗೆ ಬೀಗ. ಮನೆಯವರು ಅವರ ಪಾಡಿಗೆ ಓಡಾಡ್ಕೊಂಡಿರ್ತಾರೆ, ನಿಮ್ಮ ಪೆಟ್ಟಿಗೆ ನಿಮ್ಮದು. ಆದ್ರೆ ಒಳಗಿರೋದು ಮಾತ್ರ ಮುಚ್ಚಿರುತ್ತೆ ಮೇಡಂ. ಮೇಲಿನ ಚೀಟಿ ಕಾಣುತ್ತೆ. ಫೈಲಿನ ಹೆಸರು ಹೊರಗೇ ಇರುತ್ತೆ.”

“ಕಾಣ್ಬೇಕಲ್ಲ,” ಎಂದಳು ಟೈಪಕ್ಕ. “ಇಲ್ದಿದ್ರೆ ಹುಡುಕೋದು ಹೇಗೆ?”

ಅವನು ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡು ಅವಳನ್ನು ನೋಡಿದ. “ಎರಡೂ ಹಾಕ್ಬಹುದು. ನಿಮ್ಮಿಷ್ಟ.”

ಈಗ ಅವಳ ಲೆಕ್ಕಾಚಾರ ಕೇಳಿ. ಇಡೀ ಡಿಸ್ಕ್‌ಗೆ ಬೀಗ ಹಾಕಿದರೆ ಗಂಡ ಕೇಳುತ್ತಾನೆ, ಯಾಕೆ ಎಂದು. ಅತ್ತೆ ಕೇಳುತ್ತಾರೆ. ಭಾನುವಾರ ಮೈದುನ ಕೇಳುತ್ತಾನೆ. ಪಾಸ್‌ವರ್ಡ್ ಹೇಳಿಬಿಟ್ಟರೆ ಬೀಗ ಹಾಕಿದ್ದು ದಂಡ. ಹೇಳುವುದಿಲ್ಲ ಎಂದರೆ ಮೂವರ ಮುಖ ನೋಡಿಕೊಂಡು ‘ಹೇಳುವುದಿಲ್ಲ’ ಎನ್ನಬೇಕು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಶಬ್ದ ಅವಳ ಬಾಯಿಂದ ಬಂದಿರಲಿಲ್ಲ. ಪೆಟ್ಟಿಗೆಯ ಬೀಗಕ್ಕಾದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಹಾವು ಸಾಯಬೇಕು, ಕೋಲು ಮುರಿಯಬಾರದು. ಅವಳು ಪೆಟ್ಟಿಗೆಯ ಬೀಗವನ್ನೇ ಹಾಕಿಸಿಕೊಂಡು ಬಂದಳು.

ಬೀಗ ಬಿದ್ದರೂ ಅವಳಿಗೆ ನೆಮ್ಮದಿ ಬರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಅಡುಗೆಮನೆಗೂ ಮೆಟ್ಟಿಲ ಮೂಲೆಗೂ ಓಡಾಡುತ್ತಿದ್ದಳು. ಬೀಗ ಬಿದ್ದಿದೆಯೇ ಎಂದು ನೋಡುವಳು, ಐದು ನಿಮಿಷ ಬಿಟ್ಟು ಮತ್ತೆ ನೋಡುವಳು. ಅತ್ತೆ ಫೋಟೋ ನೋಡುತ್ತಾ ಮೌಸನ್ನು ಅತ್ತ ಒಂದಿಷ್ಟು ಸರಿಸಿದರೂ ಇವಳ ಜೀವ ಬಾಯಿಗೆ ಬರುತ್ತಿತ್ತು. “ಏನಾಗಿದೆಯೇ ನಿನಗೆ? ಕುದಿಯೋ ನೀರಿನ ಹಾಗೆ ಆಡ್ತೀಯ,” ಎಂದರು ಅತ್ತೆ. ಒಂದು ಸಂಜೆ ಗಂಡ ತಮಾಷೆಗೆ, “ಏನೇ, ನನ್ನ ಬೆನ್ನ ಹಿಂದೆ ಯಾರಿಗಾದ್ರೂ ಕಾಗದ ಬರೀತಿದೀಯಾ?” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಟೈಪಕ್ಕ ಕೈಯಲ್ಲಿದ್ದ ತಟ್ಟೆ ಬೀಳಿಸಿದಳು. ಅವನು ನಕ್ಕು ಚದುರಂಗಕ್ಕೆ ಕೂತ.

ಇಷ್ಟೆಲ್ಲ ಕಾವಲು ಕಾದವಳಿಗೆ ಒಂದು ಮಾತ್ರ ಹೊಳೆಯಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ತನಗೆ ಬೀಗ ಕಂಡರೆ ಊರಿಗೆಲ್ಲ ಬೀಗವೇ ಕಾಣುತ್ತದೆ ಎಂದುಕೊಂಡಿದ್ದಳು.

ಮೂರನೆಯ ಭಾನುವಾರ ಮೈದುನ ಬಂದ. ಗಂಡ ಮನೆಯಲ್ಲಿರಲಿಲ್ಲ. ಟೈಪಕ್ಕ ಪಾತ್ರೆ ತೊಳೆಯುತ್ತಿದ್ದಳು.

“ಅತ್ತಿಗೆ, ಹೋದ ವಾರದ ಪಟ್ಟಿ ಎಲ್ಲಿಟ್ಟಿದೀನಿ?” ಎಂದು ಅವನು ಮೆಟ್ಟಿಲ ಮೂಲೆಯಿಂದಲೇ ಕೂಗಿದ.

“ಅಲ್ಲೇ ಎಲ್ಲೋ ಇರುತ್ತೆ ನೋಡು.”

“ಸಿಗ್ತಿಲ್ಲ. ತಡೀರಿ, ನನ್ನ ಹೆಸರು ಹಾಕಿ ಹುಡುಕ್ತೀನಿ.”

ಅವನ ಹೆಸರು. ಟೈಪಕ್ಕನ ಕೈಯಿಂದ ಲೋಟ ಜಾರಿ ತೊಟ್ಟಿಗೆ ಬಿತ್ತು. ಓರಗಿತ್ತಿಯ ಫೈಲಿಗೆ ಅವಳೇ ಇಟ್ಟ ಹೆಸರು ಕಣ್ಣ ಮುಂದೆ ಬಂತು: ಹೆಂಗಸಿನ ಹೆಸರು, ಮುಂದೆ ಗಂಡನ ಹೆಸರು, ಊರು, ಬೀದಿ. ಒದ್ದೆ ಕೈಯಲ್ಲೇ ಓಡಿಬಂದಳು.

ಪರದೆಯ ಮೇಲೆ ಎರಡು ಸಾಲು ಇದ್ದವು. ಮೊದಲನೆಯದು ಡ್ಯೂಟಿ ಪಟ್ಟಿ. ಎರಡನೆಯದರ ಪಕ್ಕದಲ್ಲಿ ಪುಟ್ಟ ಬೀಗದ ಗುರುತು, ಮತ್ತು ಹುಡುಕುವವನಿಗೆ ಬೇಕಾದುದೆಲ್ಲ ಉದ್ದಕ್ಕೆ, ಅಚ್ಚುಕಟ್ಟಾಗಿ, ಒಂದು ಅಕ್ಷರವೂ ತಪ್ಪಿಲ್ಲದೆ.

ಮೈದುನ ಮೊದಲ ಸಾಲು ಒತ್ತಿ ಪಟ್ಟಿ ತೆಗೆದ, ಪ್ರಿಂಟ್ ಕೊಟ್ಟ, ಕಾಗದ ಹೊರಬರುವ ತನಕ ಕಾದ, ಮಡಿಸಿ ಜೇಬಿಗಿಟ್ಟುಕೊಂಡ.

“ಟೀ ಇಡ್ತೀನಿ ಕೂತ್ಕೋ,” ಎಂದಳು.

“ಬೇಡ ಅತ್ತಿಗೆ. ಕೆಲಸ ಇದೆ.”

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಟೈಪಕ್ಕ ನಿಂತಲ್ಲೇ ನಿಂತಳು. ನೋಡಿದನೋ ಇಲ್ಲವೋ? ಅವನಿಗೆ ಓದುವುದೆಂದರೆ ಮೊದಲೇ ಅಷ್ಟಕ್ಕಷ್ಟೆ, ನೋಡಿರಲಿಕ್ಕಿಲ್ಲ. ಟೀ ಬೇಡವೆಂದ, ನೋಡಿಯೇ ಇರಬೇಕು. ನಿಜವಾಗಿಯೂ ಕೆಲಸವಿರಬಹುದು. ಭಾನುವಾರ ಎಂಥ ಕೆಲಸ? ನೋಡಿಲ್ಲದಿದ್ದರೆ, ಸುಮ್ಮನೆ ಬಾಯಿ ಬಿಟ್ಟು ಇರುವ ಕೆಲಸ ಕಳೆದುಕೊಂಡ ಹಾಗೆ. ನೋಡಿದ್ದರೆ? ಗಡಿಯಾರ ನೋಡಿದಳು. ಆ ಊರಿಗೆ ಬಸ್ಸಿನಲ್ಲಿ ಏಳು ಗಂಟೆಯ ದಾರಿ. ಇನ್ನೂ ಖಾತ್ರಿಯಾಗಲಿ ಎಂದು ಅವಳ ಮನಸ್ಸು ಹೇಳಿತು. ಆ ಮನಸ್ಸಿನ ಮಾತು ಕೇಳಿಯೇ ಅವಳು ಏಳು ವರ್ಷ ಪಕ್ಕದ ಕೋಣೆಯಲ್ಲಿ ಕೂತಿದ್ದದ್ದು.

ಫೋನು ಹಿಡಿದು ತಾರಸಿಗೆ ಹತ್ತಿದಳು.

“ಮೇಡಂ, ನನ್ನಿಂದ ದೊಡ್ಡ ತಪ್ಪಾಗಿದೆ,” ಎಂದು ಶುರುಮಾಡಿ ಉಸಿರು ಬಿಡದೆ ಎಲ್ಲ ಹೇಳಿದಳು.

“ಅವನು ನೋಡಿದ್ದು ಗ್ಯಾರಂಟಿನಾ?” ಎಂದರು ವಕೀಲಮ್ಮ.

“ಗ್ಯಾರಂಟಿ ಇಲ್ಲ ಮೇಡಂ.”

“ಅವನು ನಿಮ್ಮ ಮನೆಗೆ ಯಾಕೆ ಬರ್ತಾನೆ?”

“ನನ್ನ ಮೈದುನ. ಅವಳು ನನ್ನ ಓರಗಿತ್ತಿ.”

“ಮೊದಲ ದಿನದಿಂದ ಗೊತ್ತಿತ್ತಾ?”

“ಗೊತ್ತಿತ್ತು.”

“ಅವಳಿಗೆ ಮೊನ್ನೆ ಮೊನ್ನೆ ಅಲ್ಲೊಂದು ಹೊಲಿಗೆ ಅಂಗಡೀಲಿ ಕೆಲಸ ಸಿಕ್ಕಿತ್ತು,” ಎಂದರು ವಕೀಲಮ್ಮ. “ಇವತ್ತೇ ಬಿಡಿಸಿ ಬೇರೆ ಕಡೆ ಕಳಿಸ್ಬೇಕು. ಇಡ್ತೀನಿ.”

ಬೈದಿದ್ದರೆ ಚೆನ್ನಾಗಿತ್ತು ಎಂದು ಟೈಪಕ್ಕನಿಗೆ ಅನಿಸಿತು. ನೀರಿನ ಟ್ಯಾಂಕಿಗೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸೋಮವಾರ ಬೆಳಿಗ್ಗೆ ವಕೀಲಮ್ಮನ ಗುಮಾಸ್ತ ಬಂದು ಪೆನ್‌ಡ್ರೈವ್‌ಗಳನ್ನೆಲ್ಲ ತೆಗೆದುಕೊಂಡ, ಫೈಲುಗಳನ್ನು ಎದುರಿಗೇ ಅಳಿಸಿಹಾಕಿಸಿದ, ಇನ್ನು ಕೆಲಸ ಬರುವುದಿಲ್ಲ ಎಂದು ನೆಲ ನೋಡುತ್ತಾ ಹೇಳಿಹೋದ. ಮಧ್ಯಾಹ್ನ ಊಟಕ್ಕೆ ಬಂದ ಗಂಡ, “ತಮ್ಮ ಎರಡು ದಿನ ರಜ ಹಾಕಿದಾನಂತೆ. ಮೊದಲನೇ ಬಸ್ಸಿಗೇ ಎಲ್ಲಿಗೋ ಹೋದನಂತೆ,” ಎಂದ. ನೋಡಿದ್ದಾನೆ ಎಂಬುದಕ್ಕೆ ಇನ್ನು ಅನುಮಾನ ಉಳಿಯಲಿಲ್ಲ. ಅವಳು ಊಟ ಅಲ್ಲಿಗೇ ಬಿಟ್ಟು ಎದ್ದಳು. ಓರಗಿತ್ತಿಯನ್ನು ಅಲ್ಲಿಂದ ಸಾಗಿಸಿ ಆಗಿದೆಯೋ ಇಲ್ಲವೋ ಎಂದು ಕೇಳಲು ಮೂರು ಸಲ ಫೋನ್ ಮಾಡಿದಳು, ವಕೀಲಮ್ಮ ತೆಗೆಯಲಿಲ್ಲ. ತೆಗೆದು ಹೇಳಲಿಕ್ಕೆ ಅವರಿಗೇನು ತಲೆ ಕೆಟ್ಟಿದೆಯೇ?

ಅವಳು ಮತ್ತೆ ಕಂಪ್ಯೂಟರ್ ಹೊತ್ತುಕೊಂಡು ಓಣಿಗೆ ಹೋದಳು.

“ಇಡೀ ಡಿಸ್ಕ್‌ಗೆ ಹಾಕಿಬಿಡಿ.”

ಅವನು ಆನ್ ಮಾಡಿ ನೋಡಿದ. “ಫೈಲೆಲ್ಲ ಅಳಿಸಿಬಿಟ್ಟಿದೀರಲ್ಲ ಮೇಡಂ. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು,” ಎಂದು ನಕ್ಕ ಅವನು, ಅವಳ ಮುಖ ನೋಡಿ ನಗು ನಿಲ್ಲಿಸಿದ. “ಆದ್ರೂ ಒಳ್ಳೇದೇ. ಅಳಿಸಿದ್ದು ಪೂರ್ತಿ ಹೋಗಿರಲ್ಲ. ಗೊತ್ತಿದ್ದವರು ಕೆದಕಿದ್ರೆ ಒಂದೊಂದೇ ಮೇಲೆ ಬರುತ್ತೆ. ಖಾಲಿ ಅಂತ ಕಾಣೋ ಜಾಗಾನೂ ಸೇರಿಸಿ ಇಡೀ ಡಿಸ್ಕ್‌ಗೆ ಹಾಕ್ತೀನಿ, ಯಾರೂ ಕೆದಕಕ್ಕಾಗಲ್ಲ.”

ಒಂದೊಂದೇ ಮೇಲೆ ಬರುತ್ತದೆ. ಮೂರು ವರ್ಷದಲ್ಲಿ ಟೈಪ್ ಮಾಡಿದ ನಲವತ್ತು ಚಿಲ್ಲರೆ ಹೆಂಗಸರು, ಅವರ ಊರು, ಅವರ ಬೀದಿ. ಟೈಪಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಮುಗಿಯಲು ಸಂಜೆಯಾಯಿತು. ಪಾಸ್‌ವರ್ಡನ್ನು ಅವಳೇ ಒತ್ತಿದಳು, ಅವನು ಬೇಕೆಂದೇ ಎರಡೂ ಕನ್ನಡಕ ತೆಗೆದು ಗೋಡೆಯ ಕಡೆ ತಿರುಗಿಕೊಂಡಿದ್ದ.

ಮಂಗಳವಾರ ಸಂಜೆ ಮೈದುನ ಬಂದ. ಭಾನುವಾರದ್ದೇ ಅಂಗಿ, ಮುದುಡಿತ್ತು, ಕಣ್ಣು ಕೆಂಪಗಿತ್ತು. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ. ಗಂಡ ಆಗಷ್ಟೇ ಡಿಪೋದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಅತ್ತೆ ಮಂಚದ ಮೇಲಿದ್ದರು.

“ಅಲ್ಲಿ ಯಾರೂ ಇಲ್ಲ,” ಎಂದ ಮೈದುನ, ಯಾರನ್ನೂ ನೋಡದೆ. “ನಾನು ಹೋಗೋ ಹಿಂದಿನ ದಿನವೇ ಹೋದ್ಲಂತೆ. ಯಾರೋ ಹೇಳಿದಾರೆ.” ನೇರ ಮೂಲೆಗೆ ಹೋಗಿ ಕಂಪ್ಯೂಟರ್ ಆನ್ ಮಾಡಿದ. ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಖಾಲಿ ಚೌಕ ಬಂತು. “ಇದೇನಿದು? ಪಾಸ್‌ವರ್ಡ್ ಹೇಳಿ ಅತ್ತಿಗೆ.”

ಟೈಪಕ್ಕ ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗು ಹಿಡಿದುಕೊಂಡಳು.

“ಹೇಳಲ್ಲ.”

“ಏನಂದ್ರಿ?”

“ಏನೇ ಇದು?” ಗಂಡ ಟವೆಲು ಹಿಡಿದುಕೊಂಡೇ ಬಂದ. “ಹೇಳ್ಬಿಡು, ಅವನೇನೋ ನೋಡ್ಬೇಕಂತೆ.”

“ಹೇಳಲ್ಲ ರೀ. ನಿಮಗೂ ಹೇಳಲ್ಲ. ಇವನಿಗಂತೂ ಸತ್ರೂ ಹೇಳಲ್ಲ.” ದನಿ ಒಡೆದರೂ ನಿಲ್ಲಿಸಲಿಲ್ಲ. “ನೀನು ಅವಳನ್ನ ಹೊಡೀತಿದ್ದದ್ದು ನನಗೆ ಕೇಳಿಸ್ತಿತ್ತು ಕಣೋ. ಏಳು ವರ್ಷ ಕೇಳಿಸ್ಕೊಂಡು ಸುಮ್ನಿದ್ದೆ.”

ಮೈದುನ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

“ನನಗೂ ಕೇಳಿಸ್ತಿತ್ತು,” ಎಂದರು ಅತ್ತೆ.

ಮಂಚದ ಅಂಚಿಗೆ ಸರಿದು ಕೂತಿದ್ದರು. ಮಗನ ಮುಖ ನೋಡಲಿಲ್ಲ, ಮಡಿಲಲ್ಲಿದ್ದ ಕೈಗಳನ್ನೇ ನೋಡುತ್ತಾ, “ಹೋಗು, ಮನೆಗೆ ಹೋಗು,” ಎಂದರು.

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಅಣ್ಣನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಅಣ್ಣ ತಲೆ ಎತ್ತಲಿಲ್ಲ. ಆಮೇಲೆ ಹೊರಟುಹೋದ. ಗೇಟು ಬಡಿದ ಸದ್ದು ಕೇಳಿಸಿತು.

ಗಂಡ ಬಿದ್ದ ಕುರ್ಚಿಯನ್ನೆತ್ತಿ ನಿಲ್ಲಿಸಿ, ಅದರ ಬೆನ್ನು ಹಿಡಿದುಕೊಂಡೇ ಕೇಳಿದ, “ಅವಳು ಎಲ್ಲಿದಾಳೆ ಅಂತ ನಿನಗೆ ಗೊತ್ತಾ?”

“ಗೊತ್ತಿಲ್ಲ,” ಎಂದಳು ಟೈಪಕ್ಕ. “ಇನ್ನು ಅವಳು ನನಗೆ ಯಾವತ್ತೂ ಹೇಳಲ್ಲ.”